ರೆಫರಿ ನೋಡದಿದ್ದಾಗ: ಕ್ಯಾಥೊಲಿಕ್ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಮಕ್ಕಳ ಗುಣ ಬೆಳೆಸುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. 13 ವರ್ಷದೊಳಗಿನವರ ಪಂದ್ಯ. ನಾವು ಒಂದು ಗೋಲು ಮುಂದಿದ್ದೆವು, ಮುಗಿಯಲು ಐದು ನಿಮಿಷ ಬಾಕಿ. ನಮ್ಮ ಗೋಲಿನ ಮುಂದೆ ಬಂದ ಬಾಲನ್ನು ನಮ್ಮ ಡಿಫೆಂಡರ್ ಹುಡುಗ ಕೈ ಚಾಚಿ ತಡೆದ. ರೆಫರಿಗೆ ಅಡ್ಡ ಯಾರೋ ನಿಂತಿದ್ದರು, ಅವರಿಗೆ ಕಾಣಲಿಲ್ಲ. ಹುಡುಗ ರೆಫರಿ ಕಡೆ ನೋಡಲೇ ಇಲ್ಲ. ನೇರ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ವಾಚು ನೋಡಿಕೊಂಡೆ. ಪಂದ್ಯ ಗೆದ್ದೆವು. ಬಸ್ಸಿನಲ್ಲಿ ಅವನು ನನ್ನ ಸೀಟಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸರ್, ನೀವು ನೋಡಿದ್ರಾ?"

"ಬಿಡೋ. ರೆಫರಿ ನೋಡಿಲ್ಲ ಅಂದ್ರೆ ಆಗಿಲ್ಲ ಅಂತ ಲೆಕ್ಕ" ಅಂದೆ.

ಎರಡು ವಾರ ಕಳೆಯಿತು. ಅಭ್ಯಾಸದ ವೇಳೆ ಒಬ್ಬ ಇನ್ನೊಬ್ಬನ ಮೀನಖಂಡಕ್ಕೆ ಒದ್ದ. ಕರೆದು ಕೇಳಿದರೆ, "ನೀವು ನೋಡಿಲ್ವಲ್ಲ ಸರ್, ಆಗಿಲ್ಲ ಅಂತ ಲೆಕ್ಕ" ಎಂದ. ನನ್ನದೇ ಮಾತು. ಇಡೀ ತಂಡಕ್ಕೆ ಬಾಯಿಪಾಠ ಆಗಿತ್ತು. ಆ ವರ್ಷ ನಾನು ಹೇಳಿಕೊಟ್ಟ ಬೇರೆ ಯಾವುದೂ ಅಷ್ಟು ಬೇಗ ಅವರ ತಲೆಗೆ ಹತ್ತಿರಲಿಲ್ಲ.

ನಾನು ಬೆಂಗಳೂರಿನ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. "ಫುಟ್‌ಬಾಲ್ ಆಡಿದರೆ ಶಿಸ್ತು ಬರುತ್ತೆ, ಒಗ್ಗಟ್ಟು ಬರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಆಡಿದರೆ ಬರಲ್ಲ. ಆಟ ಮೋಸವನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ. ಯಾವುದು ಅಂಟಿಕೊಳ್ಳುತ್ತದೆ ಅನ್ನುವುದು ಗೆರೆಯಾಚೆ ನಿಂತ ದೊಡ್ಡವರ ಮೇಲಿದೆ. ಆ ಪಂದ್ಯದ ನಂತರ ನಾನು ಒಂದೊಂದಾಗಿ ಬದಲಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕೋಚ್‌ಗಳಿಗೆ, ಶಾಲೆ ನಡೆಸುವ ಫಾದರ್-ಸಿಸ್ಟರ್‌ಗಳಿಗೆ, ಮಕ್ಕಳನ್ನು ಆಟಕ್ಕೆ ಕಳಿಸುವ ಅಪ್ಪ-ಅಮ್ಮಂದಿರಿಗೆ ಉಪಯೋಗವಾಗಬಹುದು.

1. ಜೂನ್‌ನಲ್ಲಿ ಮೂರೇ ಮೂರು ಆರಿಸಿಕೊಳ್ಳಿ

ಮೌಲ್ಯಗಳ ಪಟ್ಟಿ ನಮ್ಮ ಶಾಲೆಗಳಲ್ಲಿ ಹೊಸದಲ್ಲ. ಡೈರಿಯ ಮೊದಲ ಪುಟದಲ್ಲಿ, ಮೆಟ್ಟಿಲ ಗೋಡೆಯ ಮೇಲೆ ಇರುತ್ತದೆ. ಪ್ರೀತಿ, ಸತ್ಯ, ಸೇವೆ, ಕ್ಷಮೆ, ಶಿಸ್ತು. ಮಕ್ಕಳು ದಿನಾ ಅದರ ಮುಂದೆ ಓಡಾಡುತ್ತಾರೆ, ಓದುವುದಿಲ್ಲ. ಫುಟ್‌ಬಾಲಿಗೆ ಅಷ್ಟೊಂದು ಬೇಡ. ಪ್ರಿನ್ಸಿಪಾಲ್, ಕೋಚ್, ಇಬ್ಬರು ಪೋಷಕರು, ಹೋದ ವರ್ಷದ ಕ್ಯಾಪ್ಟನ್ ಅರ್ಧ ಗಂಟೆ ಕೂತು ಮೂರನ್ನು ಆರಿಸಿ. ಒಂದೇ ಷರತ್ತು: ಪ್ರತಿಯೊಂದಕ್ಕೂ ಮೈದಾನದಲ್ಲಿ ಕಣ್ಣಿಗೆ ಕಾಣುವ ಒಂದು ಕೆಲಸ ಇರಬೇಕು.

ನಮ್ಮ ಮೂರು ಇವು. ಸತ್ಯ ಅಂದರೆ, ಬಾಲ್ ನನ್ನ ಕಾಲಿಗೆ ತಾಗಿ ಹೊರಗೆ ಹೋದರೆ ನಾನೇ ಕೈ ಎತ್ತಿ ಹೇಳುತ್ತೇನೆ. ಗೌರವ ಅಂದರೆ, ರೆಫರಿ ಹತ್ತಿರ ಕ್ಯಾಪ್ಟನ್ ಒಬ್ಬನೇ ಮಾತಾಡುತ್ತಾನೆ. ಸೇವೆ ಅಂದರೆ, ಬಾಲಿನ ಚೀಲ, ಕೋನ್, ನೀರಿನ ಕ್ಯಾನು ಹೊರುವುದು ಸರದಿ ಪ್ರಕಾರ, ಕ್ಯಾಪ್ಟನ್‌ಗೂ ರಿಯಾಯಿತಿ ಇಲ್ಲ. "ನಾನು ಪ್ರಾಮಾಣಿಕನಾಗಿರುತ್ತೇನೆ" ಅಂತ ಮಕ್ಕಳಿಂದ ಬರೆಸಿಕೊಂಡರೆ ಏನೂ ಆಗಲ್ಲ. "ಕೈ ಎತ್ತುತ್ತೇನೆ" ಅಂತ ಬರೆಸಿ. ಎತ್ತಿದನೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ.

ಕ್ಯಾಪ್ಟನ್ ಮಾತ್ರ ಮಾತಾಡುವ ನಿಯಮ ಮಕ್ಕಳಿಗೆ ಮೊದಲು ಅತಿ ಅನ್ನಿಸುತ್ತದೆ. 2024ರ ಯೂರೋ ಕಪ್‌ನಲ್ಲಿ ದೊಡ್ಡ ದೊಡ್ಡ ಆಟಗಾರರಿಗೂ ಇದೇ ನಿಯಮ ಇತ್ತು ಅಂತ ಹೇಳಿ. ತಕ್ಷಣ ಒಪ್ಪಿಕೊಳ್ಳುತ್ತಾರೆ.

2. ಯಾರಿಗಾಗಿ ತಂಡ ಅನ್ನುವುದನ್ನು ಮೊದಲು ತೀರ್ಮಾನಿಸಿ

ಕ್ಯಾಥೊಲಿಕ್ ಶಾಲೆಗೂ ಆಟಕ್ಕೂ ಇರುವ ನಂಟಿನ ಕಥೆ ಗೊತ್ತಿದ್ದರೆ ಈ ಹೆಜ್ಜೆ ಸುಲಭ. ಇಟಲಿಯ ಟೂರಿನ್‌ನಲ್ಲಿ ಡಾನ್ ಬಾಸ್ಕೊ ಅಂತಲೇ ಹೆಸರಾದ ಸಂತ ಜಾನ್ ಬಾಸ್ಕೊ (1815–1888) ಒಟ್ಟುಗೂಡಿಸಿದ್ದು ಕೆಲಸ ಹುಡುಕಿಕೊಂಡು ಪೇಟೆಗೆ ಬಂದ ಬಡ ಹುಡುಗರನ್ನು. ಅವರಿಗೆ ಪಾಠ, ಪ್ರಾರ್ಥನೆ ಎಷ್ಟು ಮುಖ್ಯವೋ ಆಟದ ಅಂಗಳವೂ ಅಷ್ಟೇ ಮುಖ್ಯವಾಗಿತ್ತು. ಮಕ್ಕಳು ಮನಸಾರೆ ಓಡಲಿ, ಕುಣಿಯಲಿ, ಗಲಾಟೆ ಮಾಡಲಿ ಅಂತ 1877ರಲ್ಲೇ ಬರೆದವರು ಅವರು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಾರಿಸ್ಟ್ ಅನ್ನುವ ಕ್ಯಾಥೊಲಿಕ್ ಸಭೆಯ ಬ್ರದರ್ ವಾಲ್ಫ್ರಿಡ್ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ ಶುರು ಮಾಡಿದ್ದು ಆ ಊರಿನ ಬಡ ಮಕ್ಕಳ ಊಟಕ್ಕೆ ದುಡ್ಡು ಹೊಂದಿಸಲು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಬೀದಿಯಲ್ಲಿ ಆಡುತ್ತಿದ್ದ ಹುಡುಗರಿಗೆ ಚರ್ಚಿನ ಅಂಗಳ ಬಿಟ್ಟುಕೊಟ್ಟವರು ಫಾದರ್ ಲೊರೆಂಜೊ ಮಸ್ಸ. ಭಾನುವಾರ ಪೂಜೆಗೆ ಬರಬೇಕು ಅನ್ನುವುದು ಅವರ ಷರತ್ತು. ಅದೇ 1908ರಲ್ಲಿ ಸ್ಯಾನ್ ಲೊರೆಂಜೊ ಕ್ಲಬ್ ಆಯಿತು. ಪೋಪ್ ಫ್ರಾನ್ಸಿಸ್ ಚಿಕ್ಕಂದಿನಿಂದ ಕೊನೆವರೆಗೂ ಅದರ ಅಭಿಮಾನಿಯಾಗಿದ್ದರು.

ಮೂರೂ ಕಡೆ ಶುರುವಾಗಿದ್ದು ಹೊರಗುಳಿದ ಮಕ್ಕಳಿಂದ. ಹಾಗಾದರೆ ನಮ್ಮ ತಂಡದ ಆಯ್ಕೆಯ ದಿನ ಯಾರು ಹೊರಗುಳಿಯುತ್ತಾರೆ? ಶೂ ಇಲ್ಲದವನು. ಸಂಜೆ ತಮ್ಮನನ್ನು ನೋಡಿಕೊಳ್ಳಬೇಕಾದವಳು. ದಪ್ಪ ಇದ್ದಾನೆ ಅಂತ ಎಲ್ಲರೂ ನಗುವ ಹುಡುಗ.

ಹಾಗಾಗಿ ಎರಡು ಪಟ್ಟಿ ಮಾಡಿ. ಒಂದು, ಬಂದವರೆಲ್ಲ ಇರುವ ಅಭ್ಯಾಸದ ಗುಂಪು. ಇಲ್ಲಿ ಯಾರನ್ನೂ ವಾಪಸ್ ಕಳಿಸಬಾರದು. ಇನ್ನೊಂದು, ಟೂರ್ನಮೆಂಟಿಗೆ ಹೋಗುವ ತಂಡ. ಇದಕ್ಕೆ ಆಯ್ಕೆ ಇದ್ದೇ ಇರುತ್ತದೆ. ಅದನ್ನು ಮುಚ್ಚಿಡಬೇಡಿ. ಆಯ್ಕೆಯಾಗದವನನ್ನು ಕರೆದು ಎದುರೆದುರು ಕೂತು ಕಾರಣ ಹೇಳಿ. ನೋಟಿಸ್ ಬೋರ್ಡಿನಲ್ಲಿ ಹೆಸರಿಲ್ಲ ಅಂತ ಗೆಳೆಯರ ಮುಂದೆ ಗೊತ್ತಾಗುವ ಹಾಗೆ ಮಾಡಬೇಡಿ. ಶಾಲೆಯೊಳಗಿನ ಆಟದಲ್ಲಿ ಮಾತ್ರ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಆಟ ಸಿಗಲೇಬೇಕು.

ಶೂ ವಿಷಯಕ್ಕೆ ನಮ್ಮಲ್ಲೊಂದು ಪೆಟ್ಟಿಗೆ ಇದೆ. ಕಾಲು ಬೆಳೆದು ಬಿಗಿಯಾದ ಸ್ಟಡ್ಸ್‌ಗಳನ್ನು ಮಕ್ಕಳು ತೊಳೆದು ಅದರಲ್ಲಿ ಹಾಕುತ್ತಾರೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಯಾರು ಹಾಕಿದರು, ಯಾರು ತೆಗೆದರು ಅಂತ ಬರೆದಿಡುವುದಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಆ ಪೆಟ್ಟಿಗೆ ತುಂಬುತ್ತದೆ.

ಜಾಗ ಚಿಕ್ಕದು ಅಂತ ಹಿಂಜರಿಯಬೇಡಿ. ನಮ್ಮದು ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಮಣ್ಣಿನ ಅಂಗಳ. ಐದೈದು ಜನ ಅಥವಾ ಏಳೇಳು ಜನ ಆಡಿದರೆ ಪ್ರತಿ ಮಗುವಿನ ಕಾಲಿಗೂ ಬಾಲ್ ಜಾಸ್ತಿ ಸಿಗುತ್ತದೆ. 12 ವರ್ಷದವರೆಗೆ 4ನೇ ಸೈಜಿನ ಬಾಲ್, ಆಮೇಲೆ 5ನೇ ಸೈಜು.

3. ಅಭ್ಯಾಸದ 75 ನಿಮಿಷವನ್ನು ಹೀಗೆ ಹಂಚಿ

ವಾರಕ್ಕೆ ಎರಡು ಸಂಜೆ ಸಾಕು. ಮೊದಲ ಐದು ನಿಮಿಷ ಸಾಮಾನು ಇಳಿಸುವುದು, ಸಾಲಾಗಿ ನಿಲ್ಲುವುದು, ಪ್ರಾರ್ಥನೆ. ಹತ್ತು ನಿಮಿಷ ವಾರ್ಮ್ ಅಪ್. ಇಪ್ಪತ್ತು ನಿಮಿಷ ಪಾಸ್, ಬಾಲ್ ನಿಲ್ಲಿಸುವುದು, ಶೂಟಿಂಗ್. ಮೂವತ್ತು ನಿಮಿಷ ಆಟ. ಐದು ನಿಮಿಷ ಮೈ ಸಡಿಲಿಸಿ ನೀರು ಕುಡಿಯುವುದು. ಕೊನೆಯ ಐದು ನಿಮಿಷದ ಬಗ್ಗೆ ಮುಂದೆ ಬರೆಯುತ್ತೇನೆ.

ಪ್ರಾರ್ಥನೆ ಬಗ್ಗೆ ಒಂದು ಮಾತು. ನಮ್ಮ ತಂಡದಲ್ಲಿ ಕ್ರೈಸ್ತ ಮಕ್ಕಳಿಗಿಂತ ಬೇರೆ ಮಕ್ಕಳೇ ಜಾಸ್ತಿ. ಸಂವಿಧಾನದ 28(3)ನೇ ವಿಧಿ ಪ್ರಕಾರ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಯಲ್ಲಿ, ಪ್ರಾರ್ಥನೆಯಲ್ಲಿ ಸೇರಿಸುವಂತಿಲ್ಲ. ಕಾನೂನು ಇರಲಿ, ಮನಸ್ಸಿಗೂ ಅದು ಸರಿಯೇ. ಹಾಗಾಗಿ ಒಂದು ನಿಮಿಷ ಮೌನ. ಶಿಲುಬೆ ಗುರುತು ಹಾಕುವವರು ಹಾಕುತ್ತಾರೆ, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುವವರು ಒತ್ತಿಕೊಳ್ಳುತ್ತಾರೆ, ಅಂಗೈ ಬಿಚ್ಚಿ ಹಿಡಿಯುವವರು ಹಿಡಿಯುತ್ತಾರೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಓಟ ಕಡಿಮೆ ಮಾಡಿ, ನೆರಳಲ್ಲಿ ಪಾಸಿಂಗ್ ಕೊಡಿ. ಅಯ್ಯಪ್ಪ ಮಾಲೆ ಹಾಕಿ ಬರಿಗಾಲಲ್ಲಿ ಬರುವ ಹುಡುಗನ ಕೈಗೆ ಆ ದಿನಗಳಲ್ಲಿ ಲೈನ್ಸ್‌ಮನ್ ಬಾವುಟ ಕೊಡಿ, ಸ್ಟಡ್ಸ್ ಹಾಕಿದವರ ನಡುವೆ ಬಿಡಬೇಡಿ. ತನ್ನ ಗೆಳೆಯನಿಗೆ ಯಾವುದು ಪವಿತ್ರ ಅನ್ನುವುದನ್ನು ಹುಡುಗರು ಪುಸ್ತಕಕ್ಕಿಂತ ಚೆನ್ನಾಗಿ ಇಲ್ಲಿ ತಿಳಿಯುತ್ತಾರೆ.

ಈಗ ಆಟದ ಮೂವತ್ತು ನಿಮಿಷ. ಗುಣ ಕಲಿಸಲು ಭಾಷಣ ಬೇಡ, ಆಟದ ನಿಯಮವನ್ನೇ ಸ್ವಲ್ಪ ತಿರುಚಿದರೆ ಸಾಕು. ನನಗೆ ಹೆಚ್ಚು ಕೆಲಸಕ್ಕೆ ಬಂದಿದ್ದು ರೆಫರಿ ಇಲ್ಲದ ಆಟ. ಹತ್ತು ನಿಮಿಷ ವಿಸಲ್ ಜೇಬಿಗೆ ಹಾಕಿಬಿಡಿ. ಫೌಲ್ ಮಾಡಿದವನೇ ಹೇಳಬೇಕು, ಬಾಲ್ ತಾಗಿದವನೇ ಕೈ ಎತ್ತಬೇಕು. ಜಗಳ ಬಂದರೆ ಆಟ ನಿಲ್ಲುತ್ತದೆ, ಸಮಯ ಮಾತ್ರ ಓಡುತ್ತಿರುತ್ತದೆ. ಮೊದಲ ವಾರ ಹತ್ತರಲ್ಲಿ ಆರು ನಿಮಿಷ ಜಗಳದಲ್ಲೇ ಹೋಯಿತು. ನಾನು ಬಾಯಿ ಹಾಕಲಿಲ್ಲ, ಕಷ್ಟವಾದರೂ ಸುಮ್ಮನೆ ನಿಂತೆ. ಮೂರನೇ ವಾರದ ಹೊತ್ತಿಗೆ "ಲೋ, ಟೈಮ್ ಹೋಗ್ತಿದೆ, ತಾಗಿದ್ರೆ ತಾಗಿತು ಅನ್ನೋ" ಅಂತ ಅವರವರೇ ಹೇಳಿಕೊಳ್ಳತೊಡಗಿದರು. ಒಂದು ದಿನ ನಮ್ಮ ಗೋಲ್‌ಕೀಪರ್, ಎಲ್ಲರೂ ಸೇವ್ ಅಂದುಕೊಂಡು ಚಪ್ಪಾಳೆ ಹೊಡೆಯುವಾಗ, ಎದ್ದು ನಿಂತು ಮಂಡಿಯ ಮಣ್ಣು ಒರೆಸಿಕೊಂಡು "ಇಲ್ಲ, ಗೆರೆ ದಾಟಿತ್ತು" ಎಂದ. ಎರಡು ಸೆಕೆಂಡು ಯಾರೂ ಮಾತಾಡಲಿಲ್ಲ. ಆಮೇಲೆ ಎದುರು ತಂಡದವನು ಬಂದು ಅವನ ಬೆನ್ನು ತಟ್ಟಿ ಬಾಲನ್ನು ನಡುವಿಗೆ ತೆಗೆದುಕೊಂಡು ಹೋದ. ನಾನು ಆ ಕ್ಷಣಕ್ಕೆ ಏನೂ ಸೇರಿಸಲಿಲ್ಲ. ಸೇರಿಸಿದ್ದರೆ ಹಾಳಾಗುತ್ತಿತ್ತು.

ಇನ್ನೊಂದು, ಎಲ್ಲರೂ ಮುಟ್ಟಿದ ಮೇಲೆಯೇ ಗೋಲು. ತಂಡದ ಪ್ರತಿಯೊಬ್ಬರ ಕಾಲಿಗೂ ಒಮ್ಮೆ ಬಾಲ್ ಬಂದಿರಬೇಕು, ಇಲ್ಲದಿದ್ದರೆ ಗೋಲು ಲೆಕ್ಕಕ್ಕಿಲ್ಲ. ಯಾವಾಗಲೂ ಗೆರೆಯ ಹತ್ತಿರವೇ ನಿಲ್ಲುವ ಒಬ್ಬ ಹುಡುಗ ಇರುತ್ತಾನಲ್ಲ, ಯಾರೂ ಪಾಸ್ ಕೊಡದವನು, ಅವನ ಹೆಸರನ್ನು ಆ ದಿನ ಐದು ಜನ ಕೂಗುತ್ತಾರೆ. ಅವನ ಮುಖ ನೋಡಿ.

ಮೂರು ಗೋಲು ಮುಂದಿರುವ ತಂಡ ತನ್ನ ಒಬ್ಬ ಆಟಗಾರನನ್ನು ಎದುರಿನವರಿಗೆ ಕೊಡುವ ನಿಯಮವೂ ಚೆನ್ನ. ಮತ್ತೆ, ರೆಫರಿ ಮೇಲೆ ಅತಿ ಹೆಚ್ಚು ಕೂಗಾಡುವವನ ಕೈಗೇ ಐದು ನಿಮಿಷ ವಿಸಲ್ ಕೊಡಿ.

4. ಕೊನೆಯ ಐದು ನಿಮಿಷ: ಐದು ಬೆರಳು

ಯೇಸುಸಭೆಯನ್ನು (ಜೆಸ್ವಿಟ್ ಸಭೆ) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ (1491–1556) ದಿನದ ಕೊನೆಗೆ ತನ್ನನ್ನು ತಾನು ನೋಡಿಕೊಳ್ಳುವ ಒಂದು ಪ್ರಾರ್ಥನೆಯನ್ನು ಹೇಳಿಕೊಟ್ಟಿದ್ದಾರೆ. ಅದರಲ್ಲಿ ಐದು ಅಂಶ: ಕೃತಜ್ಞತೆ, ಬೆಳಕು ಬೇಡುವುದು, ನಡೆದಿದ್ದನ್ನು ನೆನೆಯುವುದು, ಕ್ಷಮೆ, ಮುಂದಿನ ನಿರ್ಧಾರ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ್ದು ಇದೇ ಯೇಸುಸಭೆಯವರು. ಐದು ಅಂಶ, ಕೈಗೆ ಐದು ಬೆರಳು. ಮಕ್ಕಳಿಗೆ ನೆನಪಿಡಲು ಇದಕ್ಕಿಂತ ಸುಲಭ ಯಾವುದು?

ಬೆವರು ಒರೆಸಿಕೊಂಡು ಗುಂಡಾಗಿ ಕೂರಿಸಿ. ಹೆಬ್ಬೆರಳು: ಇವತ್ತು ಯಾರಿಗೆ ಥ್ಯಾಂಕ್ಸ್ ಹೇಳಬೇಕು? ತೋರುಬೆರಳು: ಇದ್ದದ್ದನ್ನು ಇದ್ದ ಹಾಗೆ ನೋಡುವ ಧೈರ್ಯ ಕೊಡು ಅಂತ ಅವರವರ ದೇವರನ್ನು ಮನಸ್ಸಿನಲ್ಲೇ ಕೇಳುವುದು. ನಡುಬೆರಳು: ಇವತ್ತು ನಾನು ಹೇಗೆ ಆಡಿದೆ, ಹೇಗೆ ಮಾತಾಡಿದೆ? ಉಂಗುರ ಬೆರಳು: ಯಾರಿಗಾದರೂ ಸಾರಿ ಹೇಳುವುದಿದೆಯಾ? ಕಿರುಬೆರಳು: ಮುಂದಿನ ಸಲ ಮಾಡುವ ಒಂದೇ ಒಂದು ಸಣ್ಣ ಕೆಲಸ.

ಹೆಬ್ಬೆರಳಿನದು ಮಾತ್ರ ಗಟ್ಟಿಯಾಗಿ. ಉಳಿದ ನಾಲ್ಕು ಮನಸ್ಸಿನಲ್ಲಿ. ಬಲವಂತವಾಗಿ ಬಾಯಿ ಬಿಡಿಸಿದರೆ ಮಕ್ಕಳು ಮೇಷ್ಟ್ರಿಗೆ ಇಷ್ಟವಾಗುವ ಉತ್ತರ ಹೇಳುವುದನ್ನು ಕಲಿಯುತ್ತಾರೆ ಅಷ್ಟೆ. ಸಾರಿ ಹೇಳುವುದಿದ್ದರೆ ಎದ್ದು ಹೋಗಿ ಅವನ ಕಿವಿಯಲ್ಲಿ ಹೇಳಿ ಬರಲಿ. ಥ್ಯಾಂಕ್ಸ್ ಹೇಳುವಾಗ ಹೆಸರು ಮತ್ತು ಕಾರಣ ಎರಡೂ ಇರಬೇಕು. "ಎಲ್ಲರಿಗೂ ಥ್ಯಾಂಕ್ಸ್" ನಡೆಯಲ್ಲ. ಮೊದಮೊದಲು ಗೋಲು ಹೊಡೆದವನಿಗೇ ಎಲ್ಲ ಥ್ಯಾಂಕ್ಸ್ ಹೋಗುತ್ತಿತ್ತು. ಒಂದು ಸಂಜೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು, "ಅಂಗಳ ಗುಡಿಸಿದ ಆಯಾಗೆ ಥ್ಯಾಂಕ್ಸ್, ಕಲ್ಲು ಇರಲಿಲ್ಲ ಇವತ್ತು" ಎಂದಳು. ಅವತ್ತಿನಿಂದ ಪಟ್ಟಿ ದೊಡ್ಡದಾಯಿತು.

ನೀವೂ ಗುಂಡಿನಲ್ಲಿ ಕೂರಬೇಕು, ನಿಮ್ಮ ಬೆರಳನ್ನೂ ಮಡಚಬೇಕು. ನಾನು ಆ ಹ್ಯಾಂಡ್‌ಬಾಲ್ ವಿಷಯಕ್ಕೆ ಕ್ಷಮೆ ಕೇಳಿದ್ದು ಇಂಥದೇ ಒಂದು ಸಂಜೆ, ಎಲ್ಲರ ಎದುರಿಗೆ. "ನಾನು ನೋಡಿದ್ದೆ. ನೋಡಿಲ್ಲ ಅನ್ನೋ ಹಾಗೆ ನಡ್ಕೊಂಡೆ. ಅದು ತಪ್ಪು" ಅಂದೆ. ಆ ಹುಡುಗ ನೆಲ ನೋಡುತ್ತಾ ಹುಲ್ಲು ಕೀಳುತ್ತಿದ್ದ. ಆಮೇಲೆ "ನಂದೂ ತಪ್ಪು ಸರ್" ಎಂದ.

5. ಜಗಳ, ಬೈಗುಳ ಬಂದಾಗ

ಬಂದೇ ಬರುತ್ತದೆ. ಡಾನ್ ಬಾಸ್ಕೊ ಹೇಳಿದ ಪದ್ಧತಿಗೆ ತಡೆಯುವ ಪದ್ಧತಿ ಅಂತಲೇ ಹೆಸರು. ವಿವೇಕ, ಧರ್ಮ, ಅಕ್ಕರೆ ಅದರ ಮೂರು ಕಂಬ. ಮಗು ತಪ್ಪು ಮಾಡಲಿ, ಆಮೇಲೆ ಹಿಡಿಯೋಣ ಅಂತ ಕಾಯಬಾರದು; ಅವರ ನಡುವೆ ನಾವಿದ್ದರೆ ಎಷ್ಟೋ ತಪ್ಪು ಹುಟ್ಟುವುದೇ ಇಲ್ಲ. 1884ರಲ್ಲಿ ರೋಮ್‌ನಿಂದ ಬರೆದ ಪತ್ರದಲ್ಲಿ ಅವರು ನೊಂದುಕೊಂಡಿದ್ದೂ ಇದಕ್ಕೇ. ಮೊದಲು ಆಟದ ಹೊತ್ತಿನಲ್ಲಿ ದೊಡ್ಡವರು ಹುಡುಗರ ಜೊತೆ ಇರುತ್ತಿದ್ದರು, ಈಗ ಒಂದು ಕಡೆ ನಿಂತು ತಮ್ಮತಮ್ಮಲ್ಲೇ ಮಾತಾಡುತ್ತಿರುತ್ತಾರೆ ಅನ್ನುವುದು ಅವರ ಸಂಕಟ. ಆಗ ಮೊಬೈಲ್ ಇರಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ನಿಮ್ಮದು ಚೀಲದಲ್ಲಿರಲಿ.

ಹೊಡೆದಾಟವಾದರೆ ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ, ನೀರು ಕೊಡಿ, ಹತ್ತು ನಿಮಿಷ ಬಿಡಿ. ಬಿಸಿಯಲ್ಲಿ ವಿಚಾರಣೆ ಬೇಡ. ಆಮೇಲೆ ಒಬ್ಬೊಬ್ಬರ ಹತ್ತಿರ ಮಾತಾಡಿ, ಎಲ್ಲರಿಗೂ ಕಾಣುವ ಜಾಗದಲ್ಲಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ. ಏನಾಯಿತು, ಯಾರಿಗೆ ನೋವಾಯಿತು, ಈಗ ಏನು ಮಾಡಿದರೆ ಸರಿಹೋಗುತ್ತದೆ? ಚರ್ಚಿನಲ್ಲಿ ಫಾದರ್ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗಿ ಗೊತ್ತಿರುವವರಿಗೆ ಈ ಕ್ರಮ ಹೊಸದಲ್ಲ: ಪಶ್ಚಾತ್ತಾಪ, ಒಪ್ಪಿಕೊಳ್ಳುವುದು, ಸರಿಪಡಿಸುವುದು. ಕ್ಷಮೆ ಸಿಕ್ಕಮೇಲೆ ಆ ವಿಷಯ ಮತ್ತೆ ಎತ್ತಬಾರದು. ಮೂರು ತಿಂಗಳ ಹಿಂದಿನದನ್ನು ತೆಗೆದು "ನೀನು ಯಾವಾಗಲೂ ಹೀಗೇ" ಅಂದರೆ ಮಗು ಕ್ಷಮೆಯನ್ನೇ ನಂಬುವುದನ್ನು ಬಿಡುತ್ತದೆ.

ಮೈದಾನ ಸುತ್ತಿಸುವ ಶಿಕ್ಷೆ ಬೇಡ. ಓಟ ನಮ್ಮ ಆಟದ ಜೀವ. ಅದನ್ನೇ ಶಿಕ್ಷೆ ಮಾಡಿದರೆ ಮಗು ಅದನ್ನು ಪ್ರೀತಿಸುವುದು ಹೇಗೆ? ಹೊಡೆಯುವುದಂತೂ ಇಲ್ಲವೇ ಇಲ್ಲ.

ಒಂದಕ್ಕೆ ಮಾತ್ರ ನಾನು ಬಗ್ಗುವುದಿಲ್ಲ. ಜಾತಿ, ಧರ್ಮ, ಭಾಷೆ, ಮೈಬಣ್ಣ ಹಿಡಿದು ಬೈದರೆ ಅವತ್ತಿನ ಆಟ ಅಲ್ಲಿಗೇ ಮುಗಿಯಿತು, ಮುಂದಿನ ಪಂದ್ಯಕ್ಕೂ ಇಲ್ಲ. ಸ್ಟಾರ್ ಆಟಗಾರನಾದರೂ ಅಷ್ಟೇ. ನಮ್ಮ ಹುಡುಗರ ಮನೆಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು, ಕೊಂಕಣಿ ಎಲ್ಲ ಇದೆ. ಅಡ್ಡಹೆಸರು ಇಡುವುದಿದ್ದರೆ ಆ ಹೆಸರಿನವನಿಗೆ ಇಷ್ಟವಿರಬೇಕು. ಕರಿಯ, ಡುಮ್ಮ ಅನ್ನುವುದನ್ನು "ಪ್ರೀತಿಗೆ ಸರ್" ಅಂತ ಸಮರ್ಥಿಸುತ್ತಾರೆ. ಒಪ್ಪಬೇಡಿ.

6. ಪಂದ್ಯಕ್ಕೆ ಹೋಗುವ ಮೊದಲು ಕಾಗದಪತ್ರ ಸರಿ ಇರಲಿ

ವಯಸ್ಸು ಕಡಿಮೆ ತೋರಿಸುವ ಸುಳ್ಳು ಸರ್ಟಿಫಿಕೇಟ್. ಶಾಲಾ ಟೂರ್ನಮೆಂಟುಗಳಿಗೆ ಅಂಟಿಕೊಂಡ ದೊಡ್ಡ ರೋಗ ಇದು. 1960ರಿಂದ ಶಾಲಾ ತಂಡಗಳಿಗೆ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿರುವ ಸುಬ್ರೊತೊ ಕಪ್‌ನಂಥ ಟೂರ್ನಮೆಂಟಿನ ಕನಸು ಎಲ್ಲ ಶಾಲೆಗೂ ಇರುತ್ತದೆ. "ಆರು ತಿಂಗಳು ತಾನೇ, ಯಾರು ನೋಡ್ತಾರೆ" ಅಂತ ನನಗೂ ಹಿತೈಷಿಗಳೇ ಹೇಳಿದ್ದಾರೆ. ತಂಡದ ಹದಿನಾರು ಮಕ್ಕಳಿಗೂ ಆ ಹುಡುಗನ ನಿಜವಾದ ವಯಸ್ಸು ಗೊತ್ತಿರುತ್ತದೆ. ಅವನ ಹುಟ್ಟುಹಬ್ಬದ ಚಾಕಲೇಟು ತಿಂದವರು ಅವರು. ಒಂದು ಸುಳ್ಳು ತಾರೀಖು ಬರೆದರೆ ನಿಮ್ಮ ಮೂರು ಮೌಲ್ಯಗಳೂ ಅವತ್ತೇ ಮಣ್ಣುಪಾಲು. ಬೇರೆ ಶಾಲೆಯ ಹುಡುಗನಿಗೆ ನಮ್ಮ ಜೆರ್ಸಿ ಹಾಕಿಸುವುದೂ ಇದೇ ಜಾತಿಯದು.

7. ಪಂದ್ಯದ ದಿನ

ಬಸ್ಸಿನಲ್ಲಿ ತಂತ್ರದ ಮಾತು ಕಡಿಮೆ ಮಾಡಿ, ಕಥೆ ಹೇಳಿ. ನಮ್ಮ ಊರಿನದೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಆ ತಂಡದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2–1ರಿಂದ ಸೋತರೂ ಅಲ್ಲಿನ ಜನ ಅವರ ಆಟ ಮೆಚ್ಚಿಕೊಂಡರು. ಇನ್ನೊಂದು ಕಥೆ 2000ದ ಡಿಸೆಂಬರಿನದು. ಇಂಗ್ಲೆಂಡಿನಲ್ಲಿ ಎವರ್ಟನ್ ಮತ್ತು ವೆಸ್ಟ್ ಹ್ಯಾಮ್ ಪಂದ್ಯ, 1–1 ಸಮ, ಕೊನೆಯ ನಿಮಿಷಗಳು. ಎವರ್ಟನ್ ಗೋಲ್‌ಕೀಪರ್ ಪೆಟ್ಟಾಗಿ ಬಿದ್ದಿದ್ದ. ಗೋಲಿನ ಮುಂದಿದ್ದ ವೆಸ್ಟ್ ಹ್ಯಾಮ್‌ನ ಪಾವ್ಲೊ ಡಿ ಕಾನಿಯೊ ಕಡೆಗೆ ಬಾಲ್ ಬಂತು. ಹೊಡೆಯುವ ಬದಲು ಕೈಯಲ್ಲಿ ಹಿಡಿದು ಆಟ ನಿಲ್ಲಿಸಿದ. ಫೀಫಾ ಅವನಿಗೆ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಕಥೆ ಹೇಳಿ ಬಿಟ್ಟುಬಿಡಿ. "ನೀವಾಗಿದ್ರೆ?" ಅಂತ ಮಕ್ಕಳೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.

ಸೈಡ್‌ಲೈನ್‌ನಲ್ಲಿ ನೀವು ರೆಫರಿಯನ್ನು ಬೈದರೆ ಮಕ್ಕಳೂ ಬೈಯುತ್ತಾರೆ. ನನ್ನ ಪಕ್ಕ ಒಬ್ಬ ಸಬ್ ಹುಡುಗ ನೋಟ್‌ಬುಕ್ ಹಿಡಿದು ಕೂರುತ್ತಾನೆ. ಕೈ ಎತ್ತಿ ಸತ್ಯ ಹೇಳಿದ್ದು, ಬಿದ್ದ ಎದುರಾಳಿಯನ್ನು ಎಬ್ಬಿಸಿದ್ದು, ತಪ್ಪು ಪಾಸ್ ಕೊಟ್ಟವನಿಗೆ ಧೈರ್ಯ ಹೇಳಿದ್ದು – ಇವನ್ನೆಲ್ಲ ಬರೆಯುತ್ತಾನೆ. ಬೆಂಚಿನ ಮೇಲೆ ಕೂತವನಿಗೆ ಅದೊಂದು ಕೆಲಸ. ಸೋಮವಾರ ಅಸೆಂಬ್ಲಿಯಲ್ಲಿ ಸ್ಕೋರಿನ ಜೊತೆ ಆ ಪುಟವನ್ನೂ ಓದಿಸಿ.

ಪಂದ್ಯ ಮುಗಿದ ಮೇಲೆ ಕೈಕುಲುಕಿ, ರೆಫರಿಗೆ ಥ್ಯಾಂಕ್ಸ್ ಹೇಳಿ, ನಾವು ಕೂತ ಜಾಗದ ಬಾಟಲಿ-ಸಿಪ್ಪೆ ಎಲ್ಲ ಆರಿಸಿ. 2018ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ಎದುರು 3–2ರಿಂದ ಸೋತ ರಾತ್ರಿ ಜಪಾನ್ ತಂಡ ಡ್ರೆಸಿಂಗ್ ರೂಮನ್ನು ಚೊಕ್ಕ ಮಾಡಿ, ರಷ್ಯನ್ ಭಾಷೆಯಲ್ಲಿ ಧನ್ಯವಾದದ ಚೀಟಿ ಇಟ್ಟು ಹೊರಟಿತ್ತು. ಎರಡು ಗೋಲು ಮುಂದಿದ್ದು ಸೋತ ಪಂದ್ಯ ಅದು.

ಸೋತ ದಿನ ಬಸ್ಸಿನಲ್ಲಿ ಪಾಠ ಬೇಡ. ಬಾಳೆಹಣ್ಣು, ಬನ್ನು ಕೊಡಿ. ಅಳುವವರು ಅಳಲಿ.

8. ಮೈ ಮತ್ತು ಮನಸ್ಸಿನ ಸುರಕ್ಷತೆ

ಮಗು ಸುರಕ್ಷಿತವಾಗಿಲ್ಲದ ಕಡೆ ಮೌಲ್ಯದ ಮಾತಿಗೆ ಬೆಲೆ ಇಲ್ಲ. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಗೊಂದಲ ಕಂಡರೆ ಅವತ್ತು ಮತ್ತೆ ಆಡಿಸಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. "ಆಡ್ತೀನಿ ಸರ್" ಅನ್ನುವುದನ್ನು ಧೈರ್ಯ ಅಂತ ಹೊಗಳಬೇಡಿ. ಚಿಕ್ಕ ಮಕ್ಕಳಿಗೆ ಹೆಡಿಂಗ್, ಅಂದರೆ ತಲೆಯಿಂದ ಬಾಲ್ ಹೊಡೆಯುವ ಅಭ್ಯಾಸ ಬೇಡ; ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಪ್ರೈಮರಿ ವಯಸ್ಸಿನವರ ಅಭ್ಯಾಸದಲ್ಲಿ 2020ರಲ್ಲೇ ಇದನ್ನು ನಿಲ್ಲಿಸಿದ್ದಾರೆ.

ಅಭ್ಯಾಸದಲ್ಲಿ, ಪ್ರಯಾಣದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಹುಡುಗಿಯರ ತಂಡವಿದ್ದರೆ ಅವರಲ್ಲೊಬ್ಬರು ಮಹಿಳೆ. ಆಟದ ಸಾಮಾನು ಇಡುವ ಕಿಟ್ ರೂಮಿನಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಬಾಗಿಲು ಮುಚ್ಚಿಕೊಂಡು ಇರಬಾರದು. ಮಕ್ಕಳಿಗೆ ನೇರ ಮೆಸೇಜ್ ಬೇಡ, ಪೋಷಕರ ಗ್ರೂಪಿನಲ್ಲಿ ಹಾಕಿ. ಫಾದರ್ ಆಗಲಿ, ಕೋಚ್ ಆಗಲಿ, ಹಳೆ ವಿದ್ಯಾರ್ಥಿ ಆಗಲಿ, ಎಲ್ಲರಿಗೂ ಇದೇ ನಿಯಮ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಹೆಸರು ಕೆಡುತ್ತದೆ ಅಂತ ಒಳಗೊಳಗೇ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಕಿಟ್ ರೂಮಿನ ಬಾಗಿಲ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

9. ಅಪ್ಪ-ಅಮ್ಮಂದಿರಿಗೆ

ಜೂನ್‌ನಲ್ಲೇ ಒಂದು ಶನಿವಾರ ಕರೆದು ಚಹಾ ಕೊಟ್ಟು ಮಾತಾಡಿ. ನಾನು ಕೇಳುವುದು ಇಷ್ಟು. ಗೆರೆಯಾಚೆಯಿಂದ ಚಪ್ಪಾಳೆ ಹೊಡೆಯಿರಿ, ನಮ್ಮ ಮಕ್ಕಳಿಗೂ ಎದುರು ಮಕ್ಕಳಿಗೂ. ಹೇಗೆ ಆಡಬೇಕು ಅಂತ ಕೂಗಬೇಡಿ. ಕೋಚ್ ಒಂದು ಹೇಳಿ, ಅಪ್ಪ ಇನ್ನೊಂದು ಕೂಗಿದರೆ ಮಗು ನಡುವೆ ನಿಂತುಬಿಡುತ್ತದೆ. ಮನೆಗೆ ಹೋಗುವ ದಾರಿಯಲ್ಲಿ "ಎಷ್ಟು ಗೋಲು?" ಬದಲು "ಇವತ್ತು ಯಾರಿಗೆ ಥ್ಯಾಂಕ್ಸ್ ಹೇಳಿದೆ?" ಅಂತ ಕೇಳಿ ನೋಡಿ. ಮಾರ್ಕ್ಸ್ ಕಡಿಮೆ ಬಂತು ಅಂತ ಆಟ ಬಿಡಿಸುವ ಮೊದಲು ನಮ್ಮ ಹತ್ತಿರ ಒಂದು ಮಾತು ಆಡಿ. ಎಸ್ಸೆಸ್ಸೆಲ್ಸಿ ವರ್ಷ ವಾರಕ್ಕೆ ಒಂದೇ ದಿನ ಬರಲಿ, ಪೂರ್ತಿ ನಿಲ್ಲಿಸಬೇಡಿ. ಆ ವಯಸ್ಸಿಗೆ ಆ ಒಂದು ಸಂಜೆ ಬೇಕು.

10. ಮಾರ್ಚ್‌ನಲ್ಲಿ ಕೀ ಕೈ ಬದಲಿಸುವುದು

ವರ್ಷದ ಕೊನೆಗೆ ಬೆಸ್ಟ್ ಪ್ಲೇಯರ್ ಕಪ್ಪು ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕಿಂತ ನಮ್ಮಲ್ಲಿ ದೊಡ್ಡದು ಕಿಟ್ ರೂಮಿನ ಕೀ. ಹತ್ತನೇ ಕ್ಲಾಸು ಮುಗಿಸಿ ಹೋಗುವವರು ಒಂಬತ್ತನೆಯ ಒಬ್ಬರಿಗೆ ಅದನ್ನು ಒಪ್ಪಿಸುತ್ತಾರೆ. ಯಾರಿಗೆ ಅನ್ನುವುದನ್ನು ಮಕ್ಕಳೇ ಚೀಟಿ ಬರೆದು ಆರಿಸುತ್ತಾರೆ. ಪ್ರಶ್ನೆ ಒಂದೇ: ಯಾರೂ ನೋಡದಿದ್ದಾಗಲೂ ಸರಿಯಾಗಿ ನಡೆದುಕೊಳ್ಳುವವರು ಯಾರು? ನಾಲ್ಕು ವರ್ಷದಲ್ಲಿ ಒಮ್ಮೆ ಮಾತ್ರ ಅದು ಕ್ಯಾಪ್ಟನ್‌ಗೆ ಸಿಕ್ಕಿದೆ.

ಈ ಸಲ ಸಿಕ್ಕಿದ್ದು ಹೆಚ್ಚು ಮಾತಾಡದ, ಹೆಚ್ಚು ಗೋಲೂ ಹೊಡೆಯದ ಹುಡುಗನಿಗೆ. ಕೀ ಕೊಟ್ಟ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವನು ಚೀಲ ಬಿಚ್ಚಿ ಬಾಲುಗಳನ್ನು ನೆಲಕ್ಕೆ ಸುರಿದು ಎಣಿಸಿದ. ಪಂಪು, ಎರಡು ಸೂಜಿ, ಬಿಬ್‌ಗಳ ಕಟ್ಟು ನೋಡಿದ. ಮತ್ತೊಂದು ಸಲ ಎಣಿಸಿದ. "ಸರ್, ಹದಿಮೂರೇ ಇದೆ. ಒಂದು ಕಮ್ಮಿ" ಅಂದ. ನಾನು ನಾಳೆ ನೋಡೋಣ ಬಿಡು ಅನ್ನುವಷ್ಟರಲ್ಲಿ ಚರ್ಚಿನ ಹಿಂದಿನ ಮಾತೆ ಮರಿಯಮ್ಮನ ಗವಿಯ ಕಡೆ ಓಡಿದ್ದ. ಗೇಟಿನ ಕಡೆ ಬಾಲ್ ಹಾರಿದರೆ ಯಾವಾಗಲೂ ಅಲ್ಲೇ ಹೋಗಿ ಬೀಳುತ್ತದೆ.